ಬೆಳಕಿನ ಯಂತ್ರವನ್ನು ಎಷ್ಟು ನಂಬಬೇಕು?

ಸೊರಬದ ಅಡಿಕೆ ತೋಟದಲ್ಲಿ ಕೊಯ್ದು ಒಣಗಿಸಿದ ಕಾಳುಮೆಣಸು ಕಾಳಾಗಿಯೇ ಇರುವಷ್ಟು ಕಾಲ ಅದಕ್ಕೆ ಕಲಬೆರಕೆಯ ಭಯ ಕಡಿಮೆ. ಅಂಗೈಯಲ್ಲಿ ಹರಡಿದರೆ ಬೆರೆಸಿದ ಪರಂಗಿ ಬೀಜ ಬೇರೆಯಾಗಿ ಕಾಣುತ್ತದೆ, ನೀರಿಗೆ ಹಾಕಿದರೆ ತೇಲುತ್ತದೆ. ಲೀಟರ್ ತೂಕ ಹಿಡಿದರೆ ಜೊಳ್ಳೆಷ್ಟು ಎಂದು ವ್ಯಾಪಾರಿಗೆ ಗೊತ್ತಾಗುತ್ತದೆ. ಪುಡಿಯಾಗಿ ಪೊಟ್ಟಣ ಸೇರಿದ ಮೇಲೆ ಈ ಮೂರೂ ಕೆಲಸಕ್ಕೆ ಬಾರವು. ಶಿಕಾರಿಪುರದ ಸಂತೆಯಲ್ಲಿ ಬಿಡಿಯಾಗಿ ಕೊಳ್ಳುವ ಅರಿಶಿನ, ಖಾರದ ಪುಡಿಯ ಕಥೆಯೂ ಅದೇ. ಈ ತೊಡಕಿಗೆ ಪರಿಹಾರವೆಂದು ಕೈಯಲ್ಲೇ ಹಿಡಿಯಬಹುದಾದ ಬೆಳಕಿನ ಯಂತ್ರಗಳು ಬಂದಿವೆ. ಅವು ಒಳ್ಳೆಯ ಜರಡಿಗಳು, ನಿಜ. ಆದರೆ ಜರಡಿಯ ಮಾತನ್ನೇ ತೀರ್ಪೆಂದು ಸಾರುವ ಉತ್ಸಾಹವನ್ನು ಒಪ್ಪುವುದು ಕಷ್ಟ.

ಹೆಚ್ಚಿನ ಯಂತ್ರಗಳು ಬಳಸುವುದು ಕಣ್ಣಿಗೆ ಕಾಣದ ಸಮೀಪ ಅವಗೆಂಪು ಬೆಳಕನ್ನು, ಅಂದರೆ 780ರಿಂದ 2500 ನ್ಯಾನೋಮೀಟರ್ ನಡುವಿನದನ್ನು. ಪುಡಿಯಲ್ಲಿರುವ ಪಿಷ್ಟ, ಎಣ್ಣೆ, ನಾರು, ನೀರು ಈ ಬೆಳಕನ್ನು ತಮ್ಮ ತಮ್ಮ ರೀತಿಯಲ್ಲಿ ಹೀರಿಕೊಳ್ಳುತ್ತವೆ. ಮರಳಿ ಬಂದ ಬೆಳಕಿನ ವಿನ್ಯಾಸವನ್ನು ಯಂತ್ರ ತನ್ನಲ್ಲಿರುವ ಶುದ್ಧ ಮಾದರಿಗಳ ವಿನ್ಯಾಸದೊಂದಿಗೆ ಹೋಲಿಸುತ್ತದೆ. ಪರಂಗಿ ಬೀಜದ ಪುಡಿಯಲ್ಲಿ ಮೆಣಸಿನ ಖಾರಕ್ಕೆ ಕಾರಣವಾದ ಪೈಪರಿನ್ ಇಲ್ಲ. ಎಣ್ಣೆ ಮಾತ್ರ ಧಾರಾಳ. ಹೀಗಾಗಿ ನೂರಕ್ಕೆ ಹತ್ತು ಪಾಲು ಬೆರೆಸಿದ್ದರೆ ಯಂತ್ರ ಹಿಡಿಯುತ್ತದೆ. ರಾಸಾಯನಿಕ ಬೇಡ, ಮಾದರಿ ಹಾಳಾಗುವುದಿಲ್ಲ, ಉತ್ತರಕ್ಕೆ ನಿಮಿಷವೂ ಬೇಡ. ಇದು ಸಣ್ಣ ಲಾಭವಲ್ಲ.

ತೊಡಕು ಶುರುವಾಗುವುದು ಬೆರಕೆ ಅಲ್ಪವಾದಾಗ. 2005ರಲ್ಲಿ ಬ್ರಿಟನ್ನಿನ ಅಂಗಡಿಗಳಿಂದ 400ಕ್ಕೂ ಹೆಚ್ಚು ಆಹಾರ ಪದಾರ್ಥಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಕಾರಣ, ಖಾರದ ಪುಡಿಗೆ ಸೇರಿದ್ದ, ಮೇಣಕ್ಕೆ ಬಳಸುವ ಸುಡಾನ್ 1 ಎಂಬ ಬಣ್ಣ. ಹತ್ತು ಲಕ್ಷಕ್ಕೆ ಕೆಲವೇ ಭಾಗಗಳ ಮಟ್ಟದಲ್ಲಿರುವ ಬಣ್ಣವನ್ನು ಅವಗೆಂಪು ಯಂತ್ರ ಕಾಣಲಾರದು. ಅದಕ್ಕೆ ಪ್ರಯೋಗಾಲಯವೇ ಬೇಕು. ಇಟ್ಟಿಗೆ ಪುಡಿಯಂಥ ಖನಿಜವೂ ಇದಕ್ಕೆ ನೇರವಾಗಿ ಕಾಣದು. ಅಲ್ಲಿ ಒಂದು ಲೋಟ ನೀರೇ ಮೇಲು: ಇಟ್ಟಿಗೆ ತಳ ಸೇರುತ್ತದೆ, ಬೆರಳಿಗೆ ಗರಗರ ಹತ್ತುತ್ತದೆ.

ಇನ್ನೊಂದು ಬಗೆ ರಾಮನ್ ಯಂತ್ರ. ಸರ್ ಸಿ.ವಿ. ರಾಮನ್ 1928ರಲ್ಲಿ ಕಂಡ ಬೆಳಕಿನ ಚದರಿಕೆಯೇ ಇದರ ತಳಹದಿ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್ಎಸ್ಎಸ್ಎಐ ಹೊರತಂದ ‘ರಾಮನ್ 1.0’ ಬ್ಯಾಟರಿಯಲ್ಲಿ ನಡೆಯುವ ದೇಶೀಯ ಯಂತ್ರ. ಅಡುಗೆ ಎಣ್ಣೆ, ತುಪ್ಪದ ಕಲಬೆರಕೆಯನ್ನು ನಿಮಿಷದೊಳಗೆ ಹೇಳುತ್ತದೆ. ಮಸಾಲೆಯ ವಿಷಯ ಅಷ್ಟು ಸಲೀಸಲ್ಲ. ಅರಿಶಿನದ ಕರ್ಕ್ಯುಮಿನ್ ಲೇಸರ್ ಬಿದ್ದೊಡನೆ ತಾನೇ ಹೊಳೆಯತೊಡಗಿ ಕ್ಷೀಣವಾದ ರಾಮನ್ ಸಂಕೇತವನ್ನು ಮುಳುಗಿಸಿಬಿಡುತ್ತದೆ. 1064 ನ್ಯಾನೋಮೀಟರ್ ಲೇಸರ್ ಇದ್ದರೆ ಕಾಟ ಕಡಿಮೆ, ಆದರೆ ಯಂತ್ರದ ಬೆಲೆ ಏರುತ್ತದೆ.

ಮಲೆನಾಡಿಗೆ ಇನ್ನೂ ಎರಡು ಆಕ್ಷೇಪಗಳು ಸೇರುತ್ತವೆ. ಮೊದಲನೆಯದು ತೇವ. ಅವಗೆಂಪು ಬೆಳಕಿನಲ್ಲಿ 1450 ಮತ್ತು 1940 ನ್ಯಾನೋಮೀಟರ್ ಬಳಿ ನೀರಿನದೇ ಪ್ರಾಬಲ್ಯ. ಮಳೆಗಾಲದಲ್ಲಿ ಥಂಡಿ ಹಿಡಿದ ಶುದ್ಧ ಪುಡಿಯನ್ನು, ಒಣ ಮಾದರಿಗಳಷ್ಟೇ ಗೊತ್ತಿರುವ ಯಂತ್ರ ಅನುಮಾನದಿಂದ ನೋಡಬಹುದು. ಎರಡನೆಯದು ಇನ್ನೂ ಮುಖ್ಯ: ಯಂತ್ರ ಗುರುತಿಸುವುದು ವ್ಯತ್ಯಾಸವನ್ನು, ಮೋಸವನ್ನಲ್ಲ. ಅದರ ಮಾದರಿ ಸಂಗ್ರಹದಲ್ಲಿ ಸೊರಬದ ಮೆಣಸು, ಬ್ಯಾಡಗಿಯ ಮೆಣಸಿನಕಾಯಿ ಇಲ್ಲದಿದ್ದರೆ ಪ್ರಾಮಾಣಿಕ ಬೆಳೆಗಾರನ ಮಾಲೇ ಪರಕೀಯವಾಗುತ್ತದೆ. ಹಂಗಾಮುವಾರು, ತೇವವಾರು ಮಾದರಿಗಳನ್ನು ಕೂಡಿಸುವುದು ಯಂತ್ರ ಮಾರುವವರ ಕೆಲಸವಲ್ಲ. ಪಕ್ಕದ ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿರುವ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದಂಥ ಸಂಸ್ಥೆ ಕೈಗೆತ್ತಿಕೊಳ್ಳಬೇಕಾದ ಕೆಲಸ ಅದು.

ಹಾಗಾದರೆ ಇಂಥ ಯಂತ್ರ ಎಲ್ಲಿಯಾದರೂ ಗೆದ್ದಿದೆಯೇ? ಬಾಂಗ್ಲಾದೇಶದಲ್ಲಿ ಗೆದ್ದಿದೆ. ಅಲ್ಲಿ ಅರಿಶಿನದ ಹಳದಿ ಹೆಚ್ಚಿಸಲು ಸೀಸದ ಕ್ರೋಮೇಟ್ ಹಚ್ಚುತ್ತಿದ್ದರು. ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರ ಮಾರುಕಟ್ಟೆಯಲ್ಲಿಯೇ ಸೀಸವನ್ನು ತೋರಿಸಿತು. 2019ರಲ್ಲಿ ಪರೀಕ್ಷಿಸಿದ ಮಾದರಿಗಳ 47 ಪ್ರತಿಶತದಲ್ಲಿ ಸೀಸವಿತ್ತು. 2021ಕ್ಕೆ ಅದು ಸೊನ್ನೆಗೆ ಇಳಿಯಿತು. ಹಾಗೆಂದು ಗೆದ್ದದ್ದು ಬರೀ ಯಂತ್ರವಲ್ಲ. ಸಗಟು ಮಂಡಿಯಲ್ಲಿ ಅಧಿಕಾರಿಗಳು ದಾಳಿ ಮಾಡಿ ದಂಡ ಹಾಕಿದರು, ಪತ್ರಿಕೆಗಳು ಬರೆದವು, ಎಚ್ಚರಿಕೆಯ ಪ್ರಕಟಣೆಗಳು ಮಂಡಿಗಳನ್ನು ತಲುಪಿದವು. ಮೇಲಾಗಿ ಹುಡುಕುತ್ತಿದ್ದುದು ಒಂದೇ ವಿಷವನ್ನು.

ನಮ್ಮ ಕಾನೂನಿನಲ್ಲೂ ಯಂತ್ರದ ಜಾಗ ಇಷ್ಟೇ. 2006ರ ಆಹಾರ ಸುರಕ್ಷತಾ ಕಾಯ್ದೆಯಂತೆ ಮೊಕದ್ದಮೆಗೆ ಆಧಾರ ಆಹಾರ ವಿಶ್ಲೇಷಕರ ವರದಿ. ಮಾದರಿ ಕೈಸೇರಿದ 14 ದಿನಗಳಲ್ಲಿ ಅದು ಬರಬೇಕು. ಶುಲ್ಕ ಕಟ್ಟಿದರೆ ಕೊಂಡವರೂ ಪರೀಕ್ಷೆ ಮಾಡಿಸಬಹುದೆಂದು 40ನೇ ಸೆಕ್ಷನ್ ಹೇಳುತ್ತದೆ. ಹಾಗಿರುವಾಗ ಮನೆಮನೆಗೆ ಯಂತ್ರ ಮಾರುವುದು ಕಾವಲಿನ ಹೊಣೆಯನ್ನು ಗ್ರಾಹಕರ ತಲೆಗೆ ಕಟ್ಟಿದಂತೆ. ಮೆಣಸಿನಕಾಯಿ ಕೊಂಡು, ಗಿರಣಿಯಲ್ಲಿ ಎದುರು ನಿಂತು ಪುಡಿ ಮಾಡಿಸುವವರಿಗೆ ಯಂತ್ರದ ಅಗತ್ಯವೇ ಇಲ್ಲ. ಅದು ಬೇಕಾಗಿರುವುದು ಸಗಟು ಪುಡಿ ಮೂಟೆಗಳಲ್ಲಿ ಬಂದಿಳಿಯುವ ಕಡೆ, ಮಾದರಿ ತೆಗೆಯುವ ಅಧಿಕಾರವಿರುವ ಆಹಾರ ಸುರಕ್ಷತಾ ಅಧಿಕಾರಿಯ ಕೈಯಲ್ಲಿ. ನೂರು ಮೂಟೆಗಳಲ್ಲಿ ಪ್ರಯೋಗಾಲಯಕ್ಕೆ ಕಳಿಸಬೇಕಾದ ಐದು ಯಾವುವೆಂದು ಹೇಳಿದರೆ ಯಂತ್ರದ ಕೆಲಸ ಮುಗಿಯಿತು. ಆ ಐದನ್ನು ನಿಜಕ್ಕೂ ಕಳಿಸುವ ವ್ಯವಸ್ಥೆ ಇಲ್ಲದ ಕಡೆ ಯಂತ್ರ ಕೊಳ್ಳುವುದು ದುಡ್ಡು ದಂಡ.