‘ನಕ್ಷತ್ರಗಳ ಜನನ ದರ’ : ಒಂದು ಪರಿಭಾಷೆಯ ವಿಮರ್ಶೆ

ಕೆಂಗೇರಿಯನ್ನು ದಾಟಿ ಪಶ್ಚಿಮಾಭಿಮುಖವಾಗಿ ಸಾಗಿದರೆ ಬ್ಯಾಲಾಳು ಎಂಬ ಗ್ರಾಮವಿರುವುದು. ಇಸ್ರೋ ಸಂಸ್ಥೆಯ ದತ್ತಾಂಶ ಕೇಂದ್ರವು ಅಲ್ಲಿದೆ. 2015ನೆಯ ಇಸವಿ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹವು ತೆಗೆದ ಗೆಲಕ್ಸಿಗಳ ಅತಿನೇರಳೆ ಚಿತ್ರಗಳು ಸಂಗ್ರಹವಾದುದು ಈ ಕೇಂದ್ರದಲ್ಲಿಯೇ. ನಗರದ ಪೂರ್ವಕ್ಕೆ ಹೊಸಕೋಟೆಯಲ್ಲಿ ಕುಳಿತು ಭಾರತೀಯ ಖಭೌತ ಸಂಸ್ಥೆಯವರು ಲಡಾಖಿನ ಹಾನ್ಲೆಯಲ್ಲಿರುವ ಎರಡು ಮೀಟರ್ ದರ್ಪಣದ ದೂರದರ್ಶಕವನ್ನು ಉಪಗ್ರಹಸಂಪರ್ಕದಿಂದ ನಡೆಸುತ್ತಾರೆ. ಗೆಲಕ್ಸಿಗಳ ರೋಹಿತರೇಖೆಗಳು ಅಲ್ಲಿಗೆ ಬಂದು ಸೇರುವುವು. ಹೀಗೆ ಬೆಂಗಳೂರಿನ ಎರಡು ದಿಕ್ಕುಗಳಿಗೆ ಬಂದಿಳಿಯುವ ಎರಡು ಬಗೆಯ ಬೆಳಕಿನಿಂದ ಒಂದೇ ಪ್ರಶ್ನೆಗೆ ಉತ್ತರವನ್ನು ಅರಸಬಹುದು: ಗೆಲಕ್ಸಿಯೊಂದರಲ್ಲಿ ಹೊಸ ನಕ್ಷತ್ರಗಳು ಎಷ್ಟು ವೇಗದಿಂದ ಮೂಡುತ್ತಿವೆ? ಬಂದ ಉತ್ತರಕ್ಕೆ ‘ನಕ್ಷತ್ರಗಳ ಜನನ ದರ’ ಎಂಬ ಹೆಸರು ಕನ್ನಡದಲ್ಲಿ ಸುಲಭವಾಗಿ ಒದಗುವುದು. ಆ ಹೆಸರು ಸಾಧುವೇ ಎಂಬುದು ವಿಚಾರಾರ್ಹವಾದ ವಿಷಯ.

ಜನಗಣತಿಯವರು ಜನನ ದರವೆಂದರೆ ತಲೆಗಳನ್ನು ಎಣಿಸಿರುತ್ತಾರೆ. ಇಲ್ಲಿಯಾದರೋ ಎಣಿಕೆಯೇ ಇಲ್ಲ. ವರ್ಷಕ್ಕೆ ಇಷ್ಟು ಸೂರ್ಯರ ತೂಕದ ಅನಿಲವು ನಕ್ಷತ್ರರೂಪವನ್ನು ತಾಳಿತು ಎಂಬುದಷ್ಟೇ ಅರ್ಥ. (ಇದರ ಏಕಮಾನವನ್ನು ‘ಸೌರರಾಶಿ’ ಎಂದರೆ ಪಂಚಾಂಗವನ್ನು ಬಲ್ಲವರಿಗೆ ಮೇಷ ವೃಷಭಗಳೇ ನೆನಪಾಗುವುವು, ‘ಸೂರ್ಯನ ತೂಕ’ ಎಂದರೆ ಕೆಡುಕೇನೂ ಇಲ್ಲ.) ಆದರೆ ಹೆಚ್ಚಿನ ತೊಡಕಿರುವುದು ನಾಮಪದದಲ್ಲಿ ಅಲ್ಲ, ಅದರೊಡನೆ ಬರುವ ‘ಅಳೆದಿದ್ದಾರೆ’ ಎಂಬ ಕ್ರಿಯಾಪದದಲ್ಲಿ.

ಅಳೆದದ್ದು ಯಾವುದನ್ನು? 6563 ಆಂಗ್‌ಸ್ಟ್ರಾಮ್ ಅಲೆಯುದ್ದದಲ್ಲಿ ಜಲಜನಕವು ಸೂಸುವ ಕೆಂಪು ರೇಖೆಯ ಪ್ರಭೆಯನ್ನು. ಸೂರ್ಯನ ಹತ್ತು ಮಡಿಗಿಂತ ಹೆಚ್ಚು ತೂಕವುಳ್ಳ ಉರಿಬಿಸಿಯ ನಕ್ಷತ್ರಗಳು ತಮ್ಮ ಸುತ್ತಣ ಜಲಜನಕದ ಪರಮಾಣುಗಳನ್ನು ಒಡೆಯುತ್ತವೆ. ಒಡೆದವು ಮತ್ತೆ ಕೂಡುವಾಗ ಈ ರೇಖೆ ಹೊಮ್ಮುವುದು. ಅಂಥ ನಕ್ಷತ್ರಗಳ ಆಯುಸ್ಸು ಎರಡು ಕೋಟಿ ವರ್ಷಗಳನ್ನು ಮೀರದು. ಆದುದರಿಂದ ರೇಖೆ ಬೆಳಗುತ್ತಿದ್ದರೆ ಅವು ಈಚೆಗೆ ಹುಟ್ಟಿರಬೇಕು. ನಮ್ಮ ತಾರ್ಕಿಕರ ಮಾತಿನಲ್ಲಿ ಹೇಳುವುದಾದರೆ ರೇಖೆಯು ಪ್ರತ್ಯಕ್ಷ, ನಕ್ಷತ್ರೋತ್ಪತ್ತಿಯು ಅನುಮಾನ. ಬೆಟ್ಟದ ಮೇಲಿನ ಹೊಗೆಯಿಂದ ಬೆಂಕಿಯನ್ನು ಅರಿತಂತೆ. ಅನುಮಾನವೆಂಬ ಮಾತಿಗೆ ಇಂದಿನ ಕನ್ನಡದಲ್ಲಿ ಸಂದೇಹವೆಂಬ ಅರ್ಥವೇ ಮುಂದಾಗಿರುವುದು ದುರ್ದೈವ. ಈ ಸ್ಥಳದಲ್ಲಿ ಅದರ ಶಾಸ್ತ್ರೀಯಾರ್ಥವೇ ಬೇಕಾಗಿತ್ತು.

ಹೊಗೆಯು ದೊಡ್ಡ ನಕ್ಷತ್ರಗಳನ್ನು ಮಾತ್ರ ತೋರಿಸುವುದು. ಸೂರ್ಯನಂಥವೂ ಅದಕ್ಕಿಂತ ಚಿಕ್ಕವೂ ಆದ ಅಸಂಖ್ಯ ನಕ್ಷತ್ರಗಳು ಈ ರೇಖೆಗೆ ಏನನ್ನೂ ಕೊಡವು. ಆದರೂ ಒಟ್ಟು ತೂಕದ ಬಹುಭಾಗ ಅವುಗಳದೇ. ಒಂದು ಸೀಮೆಯ ವೀರಗಲ್ಲುಗಳನ್ನೆಣಿಸಿ ಕಾದಿದ ಸೇನೆಯ ಗಾತ್ರವನ್ನು ಹೇಳಹೊರಟ ಚರಿತ್ರಕಾರನ ಸ್ಥಿತಿಯೇ ಇಲ್ಲಿಯದೂ. ಕಲ್ಲು ಹಾಕಿಸಿಕೊಂಡವರು ಇಷ್ಟಾದರೆ ಹಾಕಿಸಿಕೊಳ್ಳದವರು ಎಷ್ಟು? ಅದಕ್ಕೊಂದು ಪ್ರಮಾಣವನ್ನು ಹೊರಗಿನಿಂದ ತರಬೇಕು. 1955ರಲ್ಲಿ ಸಾಲ್‌ಪೀಟರ್ ಅಂಥದೊಂದು ಪ್ರಮಾಣವನ್ನು ಕೊಟ್ಟರು. ಅದನ್ನವಲಂಬಿಸಿ ಕೆನಿಕಟ್ 1998ರಲ್ಲಿ ಪ್ರಕಟಿಸಿದ ಗುಣಕವು ಬಹುಕಾಲ ರೂಢಿಯಲ್ಲಿದ್ದಿತು. ಚಿಕ್ಕ ನಕ್ಷತ್ರಗಳು ಸಾಲ್‌ಪೀಟರರು ಎಣಿಸಿದಷ್ಟಿಲ್ಲವೆಂದು ಆಮೇಲೆ ಕಂಡುಬಂದು, ಕೆನಿಕಟ್ ಮತ್ತು ಇವಾನ್ಸ್ 2012ರಲ್ಲಿ ತಿದ್ದಿದ ಗುಣಕವನ್ನು ಕೊಟ್ಟರು. ಹಳೆಯ ಲೆಕ್ಕದಲ್ಲಿ ವರ್ಷಕ್ಕೆ ಹತ್ತು ಸೂರ್ಯರ ತೂಕವೆನಿಸಿದ ಗೆಲಕ್ಸಿಗೆ ಹೊಸ ಲೆಕ್ಕದಲ್ಲಿ ಸುಮಾರು ಏಳು. ಗೆಲಕ್ಸಿಯಲ್ಲಿ ಯಾವುದೂ ಬದಲಾಗಲಿಲ್ಲ, ರೇಖೆಯ ಪ್ರಭೆಯೂ ಕುಂದಲಿಲ್ಲ. ಮೂರರಲ್ಲೊಂದು ಪಾಲು ಕಾಗದದ ಮೇಲೆಯೇ ಕರಗಿತು. ಅಳತೆಯೆಂದು ಕರೆದ ವಸ್ತುವಿಗೆ ಈ ಗತಿ ಬರಬಾರದಷ್ಟೆ?

ಧೂಳಿನ ತೊಡಕನ್ನು ಇಷ್ಟಾಗಿ ಬೆಳೆಸಬೇಕಾಗಿಲ್ಲ. ಧೂಳಿಲ್ಲದೆಡೆ ಕೆಂಪು ರೇಖೆಯು 4861ರ ನೀಲರೇಖೆಯ 2.86 ಮಡಿ ಇರತಕ್ಕದ್ದು. ಅನುಪಾತ ಹೆಚ್ಚಾದಷ್ಟೂ ಧೂಳು ಹೆಚ್ಚೆಂದು ತಿಳಿದು ತಿದ್ದಿಕೊಳ್ಳುವರು. ಗೆಲಕ್ಸಿಯ ನಡುವೆ ಕಪ್ಪುಕುಳಿಯೊಂದು ಉಗ್ರವಾಗಿ ಉಣ್ಣುತ್ತಿದ್ದರೆ ನಕ್ಷತ್ರಗಳ ಬೆಂಕಿಯಿಲ್ಲದೆಯೂ ಹೊಗೆಯೇಳುವುದು. ಅದನ್ನು ಬೇರೆ ರೇಖೆಗಳ ಅನುಪಾತದಿಂದ ಗುರುತಿಸಬಹುದು.

ಬ್ಯಾಲಾಳಿನ ಅತಿನೇರಳೆಯೂ ಹೊಸಕೋಟೆಯ ಕೆಂಪು ರೇಖೆಯೂ ಒಂದೇ ಗೆಲಕ್ಸಿಯ ವಿಷಯದಲ್ಲಿ ಭಿನ್ನವಾದ ಅಂಕಿಗಳನ್ನು ನುಡಿದರೆ ಒಂದು ಸುಳ್ಳೆಂದು ತಳ್ಳಲಾಗದು. ಅತಿನೇರಳೆಯ ನೆನಪು ಸುಮಾರು ಹತ್ತು ಕೋಟಿ ವರ್ಷಗಳಷ್ಟು ಹಿಂದಕ್ಕೆ ಹೋಗುವುದು, ರೇಖೆಯದು ಅಷ್ಟು ದೂರವಿಲ್ಲ. ಉತ್ಪತ್ತಿಯು ಈಚೆಗೆ ಉಕ್ಕಿದ್ದರೆ ಅಥವಾ ಬತ್ತಿದ್ದರೆ ಇವೆರಡೂ ಬೇರೆಯಾಗಲೇಬೇಕು. ‘ದರ’ವೆಂಬ ಒಂದೇ ಪದವು ಈ ಕಾಲಭೇದವನ್ನು ಮರೆಸುವುದು, ಆದುದರಿಂದ ಅಂಕಿಯನ್ನು ಹೇಳುವಾಗ ಯಾವ ಬೆಳಕಿನಿಂದ ಬಂದುದೆಂದು ಹೇಳದಿದ್ದರೆ ವಾಕ್ಯವು ಅಪೂರ್ಣ.

ಇನ್ನೊಂದು ದೋಷವು ಎಲ್ಲಕ್ಕಿಂತ ಸೂಕ್ಷ್ಮವಾದುದು. ದೊಡ್ಡ ನಕ್ಷತ್ರಗಳ ತೀಕ್ಷ್ಣ ಕಿರಣಗಳೆಲ್ಲ ಸುತ್ತಣ ಜಲಜನಕದಲ್ಲಿಯೇ ವ್ಯಯವಾಗುವುವೆಂದು ಗುಣಕವು ನಂಬಿರುವುದು. 2020ರಲ್ಲಿ ಪುಣೆಯ ಕನಕ್ ಸಾಹಾ ಮತ್ತು ಸಂಗಡಿಗರು ಆಸ್ಟ್ರೋಸ್ಯಾಟಿನ ಚಿತ್ರಗಳಲ್ಲಿ, 930 ಕೋಟಿ ವರ್ಷಗಳ ಹಿಂದೆ ಹೊರಟ ಬೆಳಕಿನಿಂದ ಕಾಣುವ ಒಂದು ಗೆಲಕ್ಸಿಯನ್ನು ಕಂಡರು. ಅದರಿಂದ ಆ ಕಿರಣಗಳಲ್ಲಿ ಶೇಕಡಾ 20ಕ್ಕೂ ಮಿಕ್ಕ ಪಾಲು ಜಲಜನಕವನ್ನು ತಾಕದೆ ಹೊರಗೆ ಸೋರುತ್ತಿದ್ದಿತು. ಸೋರಿದಷ್ಟೂ ರೇಖೆ ಕುಗ್ಗುವುದು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲವೆಂಬ ತಾರ್ಕಿಕರ ಉದಾಹರಣೆಯ ಜಾಡಿನಲ್ಲಿಯೇ ಈ ಗೆಲಕ್ಸಿಯೂ ಇದೆ. ಅದರ ರೇಖೆಯನ್ನು ಮಾತ್ರ ಓದಿದವರು ಅಲ್ಲಿಯ ಉತ್ಪತ್ತಿಯನ್ನು ಐದರಲ್ಲೊಂದು ಪಾಲಿಗೂ ಮಿಕ್ಕು ಕಡಿಮೆಯಾಗಿ ಹೇಳುತ್ತಿದ್ದರು.