ದೇವರ ಸಿಟ್ಟಿಗೆ ನಮ್ಮ ಮನೆಯ ದಾರಿ

ಗುಡಗೇರಿಯ ನಮ್ಮ ಚಿಗವ್ವನ ಮಗ ಹುಬ್ಬಳ್ಳಿಯಲ್ಲಿ ಗೌಂಡಿಯ ಕೈಕೆಳಗೆ ಕೂಲಿಗಿದ್ದ. ಕಟ್ಟುತ್ತಿದ್ದ ಗೋಡೆ ಮೈಮೇಲೆ ಬಿದ್ದು ಸತ್ತ. ಚಿಗವ್ವನ ಮನೆಯವರು ಯೇಸುವನ್ನು ನಂಬಿದವರು. ನಾವು ಕೇರಿಯ ದುರಗವ್ವನಿಗೇ ಉಳಿದವರು. ಮಣ್ಣು ಕೊಟ್ಟ ಮೂರನೆಯ ದಿನ ಪ್ರಾರ್ಥನೆಗೆ ಬಂದಿದ್ದ ಬೋಧಕರು, ದೇವರ ದಂಡನೆಯೂ ಒಂದು ಪ್ರೀತಿಯೇ, ಮನೆಯೊಳಗೆ ಏನೋ ಪಾಪ ಉಳಿದಿರಬೇಕು, ಹುಡುಕಿಕೊಳ್ಳಿರಿ ಎಂದರು. ಅಲ್ಲಿಯತನಕ ತಲೆ ತಗ್ಗಿಸಿ ಕೂತಿದ್ದ ಚಿಗವ್ವ ಕೇಳಿದಳು: "ಅಲ್ರೀ, ದೇವ್ರಿಗೆ ಸಿಟ್ಟು ಬಂದ್ರ ನಮ್ಮ ಮನೀ ದಾರಿ ಒಂದ ಕಾಣತೈತೇನ್ರಿ ಅವಂಗ? ಆ ಗ್ವಾಡಿ ಕಟ್ಟಿಸಿದಾವನ ಮನೀ ದಾರಿ ಕಾಣಂಗಿಲ್ಲೇನು?"

ಬೋಧಕರು ಉತ್ತರ ಕೊಡಲಿಲ್ಲ, ಹಾಡು ಎತ್ತಿದರು. ನಾನು ಮಾತ್ರ ಆ ಪ್ರಶ್ನೆಯನ್ನು ಕಟ್ಟಿಕೊಂಡು ಬಂದೆ. ಅಕ್ಷರ ಬಾರದ ಹೆಂಗಸೊಬ್ಬಳು ಕೇಳಿದ ಈ ಮಾತು ದಲಿತ ವಿಮರ್ಶೆಯ ಅಳತೆಗೋಲಾಗಬಲ್ಲದು ಎಂದು ನನ್ನ ನಂಬಿಕೆ. ದೇವರಿಗೆ ಸಿಟ್ಟು ಬರುತ್ತದೆಯೋ ಇಲ್ಲವೋ ಎಂಬುದು ಪಂಡಿತರ ತಕರಾರು. ಬಂದ ಸಿಟ್ಟು ಯಾರ ಮೇಲೆ ಬೀಳುತ್ತದೆ ಎಂಬುದು ನಮ್ಮ ತಕರಾರು.

ನಮ್ಮ ಕಡೆ ಕ್ರಿಸ್ತನ ಮಾತು ಬಂದದ್ದು ಬಾಸೆಲ್ ಮಿಶನ್ನಿನ ಕೈಯಿಂದ. ೧೮೩೭ರಲ್ಲಿ ಧಾರವಾಡ, ೧೮೩೯ರಲ್ಲಿ ಹುಬ್ಬಳ್ಳಿ, ೧೮೪೧ರಲ್ಲಿ ಬೆಟಗೇರಿ. ಅವರು ಶಾಲೆ ತೆರೆದರು, ಮಗ್ಗ ಹಾಕಿದರು. ಅವರಲ್ಲೊಬ್ಬರಾದ ಕಿಟೆಲ್ ೧೮೯೪ರಲ್ಲಿ ಕನ್ನಡಕ್ಕೆ ನಿಘಂಟು ಕೊಟ್ಟರು. ಈ ಋಣವನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ಅವರದು ಒಬ್ಬೊಬ್ಬನ ಪಾಪ, ಒಬ್ಬೊಬ್ಬನ ಪಶ್ಚಾತ್ತಾಪವನ್ನೇ ನಡುಗಂಬ ಮಾಡಿಕೊಂಡ ಭಕ್ತಿ. ಊರು ಕೂಡಿ ಮಾಡುವ ಪಾಪಕ್ಕೆ ಅದರಲ್ಲಿ ಹೆಸರು ಸಿಗುವುದು ಕಷ್ಟ. ಅಂಬೇಡ್ಕರರು ಮತಾಂತರಗೊಂಡವರ ಸ್ಥಿತಿಯ ಬಗ್ಗೆ ಬರೆದದ್ದು ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, ೧೯೮೯ರಲ್ಲಿ, ಮಹಾರಾಷ್ಟ್ರ ಸರ್ಕಾರದ ಐದನೆಯ ಸಂಪುಟದಲ್ಲಿ ಅಚ್ಚಾಯಿತು. ಅಸ್ಪೃಶ್ಯನು ಕೆಳಗೆ ಬಿದ್ದದ್ದು ಸುತ್ತಲ ಸಮಾಜದ, ಧರ್ಮದ ಅನ್ಯಾಯದಿಂದ ಎಂದು ಕಲಿಸುವ ಬದಲು, ನಿನ್ನ ಪಾಪದಿಂದಲೇ ಬಿದ್ದೆ ಎಂದು ಅವನಿಗೆ ಕಲಿಸಿದರು ಎಂಬುದು ಅಲ್ಲಿ ಅವರ ಆಕ್ಷೇಪ. ಹಿಂದಿನ ಜನ್ಮದ ಕರ್ಮ ಹೋಗಿ ಈ ಜನ್ಮದ ಪಾಪ ಬಂತು. ಹೊರುವ ಹೆಗಲು ಮಾತ್ರ ಬದಲಾಗಲಿಲ್ಲ.

ಇದು ಬೋಧಕರೊಬ್ಬರ ತಪ್ಪಲ್ಲ. ೧೯೩೪ರ ಜನವರಿಯಲ್ಲಿ ಬಿಹಾರದಲ್ಲಿ ಭೂಕಂಪವಾದಾಗ ಗಾಂಧೀಜಿ ಅದನ್ನು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ದಂಡನೆ ಎಂದರು. ರವೀಂದ್ರನಾಥ ಠಾಕೂರರು, ನಿಸರ್ಗದ ಉತ್ಪಾತಕ್ಕೂ ಮನುಷ್ಯರ ನೀತಿಗೂ ಹೀಗೆ ಗಂಟು ಹಾಕಬಾರದೆಂದು ಬಹಿರಂಗವಾಗಿಯೇ ವಿರೋಧಿಸಿದರು. ಗಾಂಧೀಜಿಯ ಸಿಟ್ಟು ನಮ್ಮ ಪರವಾದದ್ದೇ. ಆದರೂ ನನಗೆ ಒಪ್ಪಿಗೆಯಾಗುವುದಿಲ್ಲ. ಮುಟ್ಟಿಸಿಕೊಳ್ಳದವನನ್ನು ಶಿಕ್ಷಿಸಲು ಭೂಮಿ ನಡುಗಿದರೆ, ಮುಟ್ಟಿಸಿಕೊಳ್ಳದವನಿಂದ ದೂರ ನಿಂತವನ ಗುಡಿಸಲೂ ಬೀಳುತ್ತದಲ್ಲ! ಇಂಥ ಕುರುಡು ದಂಡನೆಗೆ ನ್ಯಾಯವೆನ್ನುವುದು ಹೇಗೆ?

ಬೋಧಕರ ಕೈಯಲ್ಲಿದ್ದ ಪುಸ್ತಕವೇ ಚಿಗವ್ವನ ಕಡೆ ಸಾಕ್ಷಿ ಹೇಳುತ್ತದೆ ಎಂಬುದು ನನಗೆ ಆಮೇಲೆ ಗೊತ್ತಾಯಿತು. ಲೂಕನ ಸುವಾರ್ತೆಯ ಹದಿಮೂರನೆಯ ಅಧ್ಯಾಯದಲ್ಲಿ ಸಿಲೋವದ ಬುರುಜು ಬಿದ್ದು ಹದಿನೆಂಟು ಜನ ಸತ್ತ ಮಾತಿದೆ. ಅವರು ಯೆರೂಸಲೇಮಿನ ಉಳಿದವರಿಗಿಂತ ಹೆಚ್ಚಿನ ಪಾಪಿಗಳಾಗಿದ್ದರೇನು ಎಂದು ಯೇಸು ಕೇಳುತ್ತಾನೆ; ಇಲ್ಲ ಎಂದು ತಾನೇ ಉತ್ತರಿಸುತ್ತಾನೆ. ನಿಜ, ಅದರ ಬೆನ್ನಿಗೇ, ನೀವು ಮನಸ್ಸು ತಿರುಗಿಸದಿದ್ದರೆ ನೀವೂ ನಾಶವಾಗುವಿರಿ ಎಂಬ ಎಚ್ಚರಿಕೆಯೂ ಇದೆ. ಅದನ್ನು ಮುಚ್ಚಿಟ್ಟು ಓದುವುದು ಅಪ್ರಾಮಾಣಿಕತನ. ಆದರೆ ಆ ಎಚ್ಚರಿಕೆ ನಿಂತು ಕೇಳುತ್ತಿದ್ದವರಿಗೆ. ಬುರುಜಿನ ಕೆಳಗೆ ಸತ್ತವರಿಗಲ್ಲ. ೨೦೧೯ರ ಮಾರ್ಚಿನಲ್ಲಿ ನಮ್ಮ ಧಾರವಾಡದಲ್ಲೇ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು ಹತ್ತಕ್ಕೂ ಹೆಚ್ಚು ಜನ ಸತ್ತರು. ಆಗ ನಾವು ಕೇಳಿದ್ದು ಕಂಬ, ಸಿಮೆಂಟು, ಪರವಾನಿಗೆಯ ಮಾತು. ಕೇರಿಯ ಹುಡುಗನೊಬ್ಬನೇ ಸತ್ತಾಗ ಮಾತ್ರ ಪಾಪದ ಲೆಕ್ಕ ಏಕೆ ಬರಬೇಕು?

ಹಾಗಾದರೆ ಸಿಟ್ಟನ್ನೇ ಬಿಟ್ಟುಬಿಡಬೇಕೇ? ಇಲ್ಲಿ ನಮ್ಮ ಸಾಹಿತ್ಯ ವಿಮರ್ಶೆಯ ಒಂದು ಶಬ್ದದ ಕಡೆ ಬರುತ್ತೇನೆ. ಕನ್ನಡದಲ್ಲಿ ಬೆಲೆಯುಳ್ಳ ಕೋಪಕ್ಕೆ 'ಸಾತ್ವಿಕ ಸಿಟ್ಟು' ಅನ್ನುತ್ತೇವೆ. ೧೯೭೫ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದ ಮೇಲೆ ದಲಿತರ ಕೋಪಕ್ಕೆ ಅಂಟಿಕೊಂಡ ಹೆಸರು 'ಆಕ್ರೋಶ'. ಸತ್ವಗುಣ ಯಾರಿಗೆ, ತಮೋಗುಣ ಯಾರಿಗೆ ಎಂದು ಹಂಚಿಟ್ಟವರು ಯಾರೆಂಬುದು ಎಲ್ಲರಿಗೂ ಗೊತ್ತು. ಊಟದಲ್ಲಿ ಕೂಡ ನಮ್ಮದು ಸಾತ್ವಿಕವಲ್ಲ. ಅವರ ಸಿಟ್ಟಿಗೆ ಗುಣವಿದೆ, ನಮ್ಮ ಸಿಟ್ಟಿಗೆ ಗದ್ದಲವಿದೆ!

ಇದಕ್ಕೆ ಎದುರಾಗಿ ಆಮೋಸನನ್ನು ನೋಡಿರಿ. ತೆಕೋವದ ಕುರಿಗಾರ, ಕಾಡು ಅತ್ತಿಯ ಮರ ನೋಡಿಕೊಳ್ಳುತ್ತಿದ್ದವನು. ಒಂದು ಜೊತೆ ಕೆರದ ಬೆಲೆಗೆ ಬಡವನನ್ನು ಮಾರುವವರ ಮೇಲೆ ದೇವರ ಕೋಪವಿದೆ ಎಂದು ಸಾರಿದವನು. ಆ ಕೆರದ ಮಾತು ಚಮ್ಮಾರಿಕೆ ಮಾಡಿದ ಮನೆತನದವನಾದ ನನ್ನ ಎದೆಗೆ ನೇರ ತಾಗುತ್ತದೆ. ಬೇತೇಲಿನ ಪೂಜಾರಿ ಅವನಿಗೆ ಹೇಳಿದ್ದೇನು? ನಿನ್ನ ಊರಿಗೆ ಹೋಗಿ ಅಲ್ಲಿ ಪ್ರವಾದನೆ ಮಾಡು, ಇದು ಅರಸನ ಗುಡಿ. ಅಂದರೆ ಇದೂ ಆಕ್ರೋಶವೇ ಆಗಿ ಕೇಳಿಸಿತ್ತು. ಪ್ರವಾದಿಯ ಸಿಟ್ಟು ಸಾತ್ವಿಕವಾಗುವುದು ಅವನ ಕುಲದಿಂದಲ್ಲ, ದನಿಯ ಮೆದುತನದಿಂದಲೂ ಅಲ್ಲ; ಅದು ಹೋಗುವ ದಿಕ್ಕಿನಿಂದ.

ಈ ದಿಕ್ಕಿನ ಮಾತು ನಮಗೂ ಅನ್ವಯಿಸುತ್ತದೆ. ಸಮಾರ್ಯದ ಊರೊಂದು ಯೇಸುವಿಗೆ ಇಳಿಯಲು ಜಾಗ ಕೊಡದಾಗ, ಆಕಾಶದಿಂದ ಬೆಂಕಿ ಕರೆದು ಸುಡೋಣವೇ ಎಂದು ಇಬ್ಬರು ಶಿಷ್ಯರು ಕೇಳಿದರು. ಸಮಾರ್ಯದವರು ಯೆಹೂದ್ಯರ ಕಣ್ಣಿಗೆ ಕೀಳಾದವರು. ಯೇಸು ಶಿಷ್ಯರನ್ನೇ ಗದರಿಸಿದ. ಅದೇ ಯೇಸು ದೇವಾಲಯದಲ್ಲಿ ಹಗ್ಗದ ಚಾವಟಿ ಹಿಡಿದು ವ್ಯಾಪಾರಿಗಳ ಮೇಜು ಕೆಡವಿದ. ಕೆಳಗಿನವರ ಮೇಲೆ ಬೆಂಕಿ ಬೇಡ. ಗುಡಿಯೊಳಗಿನ ಗಲ್ಲಾಪೆಟ್ಟಿಗೆಗೆ ಚಾವಟಿ. ಹೊಲೆಯರು ಮಾದಿಗರ ಮೇಲೆ, ಮಾದಿಗರು ಹೊಲೆಯರ ಮೇಲೆ, ಇಬ್ಬರೂ ಮನೆಯ ಹೆಂಗಸರ ಮೇಲೆ ತೀರಿಸಿಕೊಳ್ಳುವ ಸಿಟ್ಟನ್ನು ನಾವು ಕ್ರಾಂತಿ ಎಂದು ಕರೆದುಕೊಳ್ಳಬಾರದು.

ಸೇಡು ದೇವರಿಗೆ ಬಿಡಿರಿ ಎಂದು ಪೌಲನು ರೋಮಿನವರಿಗೆ ಬರೆದ. ಸೇಡನ್ನು ಬಿಡಬಹುದು. ನ್ಯಾಯವನ್ನು ಬಿಡಿರಿ ಎಂದು ಅವನು ಹೇಳಲಿಲ್ಲ; ಓದಿ ಹೇಳುವವರು ಎರಡನ್ನೂ ಒಂದೇ ಗಂಟು ಕಟ್ಟಿ ನಮ್ಮ ಕೈಯಿಂದ ಇಸಕೊಂಡರು.

ಮೊನ್ನೆ ಗುಡಗೇರಿಗೆ ಹೋದಾಗ ಚಿಗವ್ವ ನನ್ನ ಮುಂದೆ ಕಾಗದ ಇಟ್ಟು, ಪರಿಹಾರಕ್ಕಾಗಿ ಕಾರ್ಮಿಕ ಇಲಾಖೆಗೆ ಅರ್ಜಿ ಬರಿ ಅಂದಳು. ಸಾವಿನ ಕಾರಣ ಬರೆಯುವ ಕಡೆ ನಾನು ತುಸು ತಡೆದೆ. ಅವಳು ತಡೆಯಲಿಲ್ಲ.

"ದೇವರ ಇಚ್ಛಾ ಅಂತ ಬರೀಬ್ಯಾಡ ತಮ್ಮಾ. ಗ್ವಾಡಿ ಬಿತ್ತು ಅಂತ ಬರಿ. ಯಾರು ಕಟ್ಟಸ್ತಿದ್ರು ಅದನ್ನೂ ಬರಿ."