ಮಾತಿಗೆ ಮಾತು

ಜಾತ್ರೆಯಲ್ಲಿ ಹರದೇಶಿ–ನಾಗೇಶಿ ಕೇಳಿದವರಿಗೆ ಈ ಆಟ ತೀರ ಹೊಸದೇನಲ್ಲ. ಗಂಡೇ ಹೆಚ್ಚೆಂದು ಹರದೇಶಿಯವರು ಹಾಡಿದರೆ, ಹೆಣ್ಣೇ ಹೆಚ್ಚೆಂದು ನಾಗೇಶಿಯವರು ಉತ್ತರ ಕೊಡುತ್ತಾರೆ. ನ್ಯೂಯಾರ್ಕಿನ ಕಪ್ಪು ಜನರ ಕೇರಿಗಳಲ್ಲಿ ಬೆಳೆದ ರ‍್ಯಾಪ್ ಕಾಳಗ ಕೇಳಿದಾಗ ನನಗೆ ನೆನಪಾದದ್ದು ಇದೇ. ತಾಳ ತಪ್ಪದೆ, ಪ್ರಾಸ ಕೂಡಿಸಿ, ಎದುರಾಳಿಯನ್ನು ನೆರೆದವರ ಮುಂದೆ ಹಳಿಯಬೇಕು. ಇಲ್ಲಿ ಗೆಲ್ಲಿಸುವುದು ರಂಗದ ಮೇಲಿನ ಗತ್ತೋ, ಪದದ ಹರಿತವೋ?

1981ರಲ್ಲಿ ಹಾರ್ಲೆಮ್‌ನಲ್ಲಿ ನಡೆದ ಪ್ರಸಿದ್ಧ ಕಾಳಗದಲ್ಲಿ ಬಿಜಿ ಬೀ ಜನರನ್ನು ಕೂಗಿಸಿ, ನಗಿಸಿ ರಂಜಿಸುವುದರಲ್ಲಿ ನಿಸ್ಸೀಮ. ಕೂಲ್ ಮೋ ಡೀ ಬರಿಯ ಪದಗಳಿಂದಲೇ ಅವನನ್ನು ಬಗ್ಗುಬಡಿದ. ಗತ್ತಿಗಿಂತ ಪದಕ್ಕೆ ತೂಕ ಬಂದದ್ದು ಆ ರಾತ್ರಿಯಿಂದ ಎನ್ನುತ್ತಾರೆ.

ಆದರೆ ಪದ ಗಟ್ಟಿಯಿದ್ದರೆ ಸಾಕೇ? ನನ್ನ ಅನುಮಾನಕ್ಕೆ ಕಾರಣ ರೊಕ್ಸಾನ್ ಶಾಂಟೆ ಎಂಬ ಹುಡುಗಿ.

1984ರಲ್ಲಿ ಯುಟಿಎಫ್‌ಓ ಎಂಬ ಗಂಡಸರ ತಂಡ, ತಮ್ಮತ್ತ ತಿರುಗಿಯೂ ನೋಡದ ರೊಕ್ಸಾನ್ ಎಂಬ ಹೆಣ್ಣಿನ ಬಗ್ಗೆ ಹಾಡು ಕಟ್ಟಿತ್ತು. ಅದರಲ್ಲಿ ಮೂವರೂ ತಮ್ಮ ಹಿರಿಮೆ ಹೇಳಿಕೊಳ್ಳುತ್ತಾರೆ. ಅವಳಿಗೆ ಮಾತೇ ಇಲ್ಲ. ಕ್ವೀನ್ಸ್‌ಬ್ರಿಜ್‌ನ ಹದಿನಾಲ್ಕರ ಹುಡುಗಿ ಆ ಮಾತನ್ನು ತಾನು ಆಡಿದಳು. ಆಕೆಯೇ ಹೇಳಿಕೊಂಡಂತೆ, ಬಟ್ಟೆ ಒಗೆಯಲು ಹೊರಟವಳನ್ನು ಕರೆದು ಹಾಡಿಸಿದ್ದು. ಮೂವರನ್ನೂ ಒಬ್ಬೊಬ್ಬರನ್ನಾಗಿ ಹಿಡಿದು, ಅವರವರ ಜಂಬವನ್ನು ಅವರವರ ಮೇಲೆಯೇ ತಿರುಗಿಸುತ್ತಾಳೆ. ಪ್ರಾಸಗಳು ಸರಳ, ಕಲ್ಪನೆಯೂ ಬಹಳ ಎತ್ತರದ್ದಲ್ಲ. ಕಿವಿ ಹಿಡಿದು ನಿಲ್ಲಿಸುವುದು ಆ ಎಳೆಯ, ಕೀರಲು ದನಿ. ಬೀದಿ ನಲ್ಲಿಯ ಹತ್ತಿರ ಕೊಡ ಇಟ್ಟು ಸೊಂಟಕ್ಕೆ ಕೈಕೊಟ್ಟ ಹುಡುಗಿಯೊಬ್ಬಳು ಎದುರು ನಿಂತಂತೆ ಭಾಸವಾಗುತ್ತದೆ. ಇಲ್ಲಿ ಗತ್ತು ಬೇರೆ, ಪದ ಬೇರೆ ಎಂದು ನನಗೆ ಬಿಡಿಸಲಾಗಲಿಲ್ಲ.

ಮರುವರ್ಷ ನ್ಯೂಯಾರ್ಕಿನ ಸ್ಪರ್ಧೆಯ ಕೊನೆಯ ಸುತ್ತಿನಲ್ಲಿ ಅವಳಿಗೆ ಎದುರಾದವನು ಅದೇ ಬಿಜಿ ಬೀ. ಅವಳು ಸೋತಳು. ತೀರ್ಪುಗಾರರಲ್ಲೊಬ್ಬರು ಬೇಕೆಂದೇ ಕಡಿಮೆ ಅಂಕ ಹಾಕಿದ್ದರು. ಹದಿನೈದರ ಹುಡುಗಿ ಗೆದ್ದರೆ ಈ ಕಲೆಯನ್ನು ಯಾರೂ ಗಂಭೀರವಾಗಿ ನೋಡುವುದಿಲ್ಲವೆಂಬ ಭಯವಂತೆ. ಚೆನ್ನಾಗಿ ಹಾಡಲಿಲ್ಲವೆಂದಿದ್ದರೆ ಒಪ್ಪಬಹುದಿತ್ತು. ಚೆನ್ನಾಗಿ ಹಾಡಿದ್ದೇ ತಪ್ಪಾದರೆ ಹುಡುಗಿ ಇನ್ನೇನು ಕಲಿಯಬೇಕು?

ಹಾಗೆಂದು ಅವಳ ಎಲ್ಲ ಹಾಡನ್ನೂ ನಾನು ಮೆಚ್ಚಲಾರೆ. 1992ರ 'ಬಿಗ್ ಮಾಮಾ'ದಲ್ಲಿ ಕ್ವೀನ್ ಲತೀಫಾ, ಎಂಸಿ ಲೈಟ್ ಮೊದಲಾದ ತನ್ನದೇ ಹಾದಿಯ ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಬೈದಿದ್ದಾಳೆ. ಚುರುಕೇನೋ ಇದೆ. ಆದರೆ ಗಂಡಸರ ಜಂಬಕ್ಕೆ ಚುಚ್ಚಿದ ಸೂಜಿ ಇಲ್ಲಿ ಸುಮ್ಮನೆ ಗೀರುತ್ತದೆ. ಇದು ಕಾಳಗದ ನಿಯಮವೇ ಎಂದು ಬಲ್ಲವರು ಹೇಳಬಹುದು. ಇರಬಹುದು. ಒಬ್ಬಳಿಗೆ ಮಾತ್ರ ಜಾಗವಿರುವ ಜಗಲಿಯಲ್ಲಿ ಹೆಂಗಸರು ಒಬ್ಬರನ್ನೊಬ್ಬರು ತಳ್ಳುವುದನ್ನು ನಾವೂ ಕಂಡವರೇ ತಾನೆ? ಜಗಲಿಯನ್ನು ಅಷ್ಟು ಕಿರಿದಾಗಿ ಕಟ್ಟಿದವರು ಯಾರೆಂದು ಆ ಹಾಡು ಕೇಳುವುದಿಲ್ಲ. ಹದಿನಾಲ್ಕರ ಹುಡುಗಿಯಾಗಿದ್ದರೆ ಕೇಳುತ್ತಿದ್ದಳೇನೋ.

2025ರಲ್ಲಿ ಅಮೆರಿಕದ ರೆಕಾರ್ಡಿಂಗ್ ಅಕಾಡೆಮಿ ಅವಳಿಗೆ ಜೀವಮಾನದ ಸಾಧನೆಯ ಪ್ರಶಸ್ತಿ ಕೊಟ್ಟಿತು. ಸುದ್ದಿ ಓದಿದ ದಿನ ಮೊದಲ ಹಾಡನ್ನು ಇನ್ನೊಮ್ಮೆ ಹಾಕಿ ಕೇಳಿದೆ. ಆ ದನಿಗೆ ಇನ್ನೂ ಹದಿನಾಲ್ಕೇ.